ಚೀಟಿ ಎತ್ತಿದವನ ಕಂತು

1988ರ ಡಿಸೆಂಬರಿನಲ್ಲಿ ಸಿಯಾಟಲ್‌ನ ಸಬ್ ಪಾಪ್ ಎಂಬ ಪುಟ್ಟ ರೆಕಾರ್ಡ್ ಕಂಪನಿ ‘ಸಬ್ ಪಾಪ್ 200’ ಎಂಬ ಸಂಕಲನ ಹೊರತಂದಿತು. ಒಂದು ಪೆಟ್ಟಿಗೆಯಲ್ಲಿ ಮೂರು ರೆಕಾರ್ಡು, 5,000 ಪ್ರತಿ. ತಮ್ಮ ಸೀಮೆಯ ರಾಕ್ ತಂಡಗಳನ್ನು ಹೊರಗಿನವರಿಗೆ ಕೇಳಿಸುವುದು ಅದರ ಉದ್ದೇಶ. ಜಾಹೀರಾತು ಅಂದರೂ ತಪ್ಪಿಲ್ಲ.

ಇಂಥ ಸಂಕಲನ ನಡೆಯುವುದು ನಮ್ಮ ಚೀಟಿ ವ್ಯವಹಾರದ ಹಾಗೆ. ಸೌಂಡ್‌ಗಾರ್ಡನ್ ಹೆಸರು ನೋಡಿ ಕೊಂಡವನ ಕಿವಿಗೆ ಬ್ಲಡ್ ಸರ್ಕಸ್ ಕೂಡ ಬೀಳುತ್ತದೆ. ಎಲ್ಲರೂ ತಮ್ಮ ತಮ್ಮ ಕೇಳುಗರನ್ನು ತಂದು ಒಟ್ಟಿಗೆ ಹಾಕುತ್ತಾರೆ. ಆ ಸಾಲಿನಲ್ಲಿ ಆಗಷ್ಟೇ ಮೊದಲ ಸಿಂಗಲ್ ತಂದಿದ್ದ ನಿರ್ವಾಣ ಎಂಬ ತಂಡವೂ ಇತ್ತು. ಮೂರು ವರ್ಷದಲ್ಲಿ ಅದು ಲೋಕಪ್ರಸಿದ್ಧವಾಯಿತು. ಈಗ ಆ ಪೆಟ್ಟಿಗೆಯನ್ನು ಹುಡುಕುವವರಲ್ಲಿ ಹೆಚ್ಚಿನವರು ಹುಡುಕುವುದು ನಿರ್ವಾಣದ ಒಂದು ಹಾಡಿಗಾಗಿ.

ಹಾಗಾದರೆ ಗೆದ್ದವನ ಮೇಲೆ ಉಳಿದವರ ಋಣ ಇದೆಯೇ?

ಕಂಪನಿಯ ಲೆಕ್ಕವೇನೋ ಕಾಗದದ ಮೇಲೆ ಚುಕ್ತಾ ಆಯಿತು. ನಿರ್ವಾಣ ದೊಡ್ಡ ಕಂಪನಿಗೆ ಹೋದಾಗ ಸಬ್ ಪಾಪ್‌ಗೆ 75,000 ಡಾಲರ್ ಸಿಕ್ಕಿತು, ಜೊತೆಗೆ ಮುಂದಿನ ಮಾರಾಟದಲ್ಲಿ ಪಾಲು. ಮುಚ್ಚುವ ಸ್ಥಿತಿಯಲ್ಲಿದ್ದ ಕಂಪನಿ ಉಳಿದುಕೊಂಡಿತು. ಪಕ್ಕದಲ್ಲಿ ಕೂತಿದ್ದ ತಂಡಗಳ ಕಂತನ್ನು ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಅವರೂ ಆಸೆಯಿಂದಲೇ ಬಂದವರು, ಯಾರೂ ಎಳೆದು ತಂದಿರಲಿಲ್ಲ ಎನ್ನಬಹುದು. ನಿಜ. ಆದರೆ ಚೀಟಿ ಎತ್ತಿದವನು ‘ನನ್ನ ಅದೃಷ್ಟ’ ಎಂದು ಎದ್ದು ಹೋಗುವಂತಿಲ್ಲವಲ್ಲ, ಉಳಿದ ಕಂತು ಕಟ್ಟಬೇಕು. ಪ್ರತಿಭೆ ಅವನದೇ. ಆದರೆ ಮೊದಲ ಕೇಳುಗರಲ್ಲಿ ಎಷ್ಟೋ ಮಂದಿ ಬೇರೆಯವರನ್ನು ಕೇಳಲು ಬಂದಿದ್ದವರು.

ಕರ್ಟ್ ಕೊಬೇನ್ ತನ್ನ ಮಟ್ಟಿಗೆ ಕಟ್ಟಿದ. 1993ರಲ್ಲಿ ಎಂಟಿವಿಯ ಕಾರ್ಯಕ್ರಮದಲ್ಲಿ ಮೀಟ್ ಪಪೆಟ್ಸ್ ತಂಡದ ಅಣ್ಣತಮ್ಮಂದಿರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರದೇ ಹಾಡು ಹಾಡಿದ. ಅವರು ಈ ಪೆಟ್ಟಿಗೆಯವರಲ್ಲ, ಬೇರೆ ಕಂಪನಿಯಿಂದ ಬಂದವರು. ಇರಲಿ, ಈ ಬಗೆಯ ಸಾಲವನ್ನು ಕೊಟ್ಟವರಿಗೇ ತೀರಿಸಬೇಕೆಂದು ನನಗನ್ನಿಸುವುದಿಲ್ಲ.

ನನಗೆ ಅನುಮಾನ ಇರುವುದು ಕೇಳುಗರಾದ ನಮ್ಮ ಬಗ್ಗೆ. ರೆಕಾರ್ಡಿನಲ್ಲಿ ಒಂದು ಹಾಡು ಬೇಡವೆಂದರೆ ಎದ್ದು ಹೋಗಿ ಮುಳ್ಳು ಎತ್ತಬೇಕಿತ್ತು. ಆ ಸೋಮಾರಿತನವೇ ಎಷ್ಟೋ ಅಪರಿಚಿತರನ್ನು ಕಾಪಾಡಿತು. ಈಗ ಮೆಟ್ರೋದಲ್ಲಿ ನಿಂತು, ಬೇಕಾದ ಒಂದೇ ಹಾಡನ್ನು ಬೆರಳ ತುದಿಯಲ್ಲಿ ಆರಿಸಿಕೊಳ್ಳುತ್ತೇವೆ. ಅಷ್ಟೆಲ್ಲ ಗಿಟಾರುಗಳ ನಡುವೆ ಆ ಪೆಟ್ಟಿಗೆಯಲ್ಲಿ ಸ್ಟೀವನ್ ಜೆಸ್ಸಿ ಬರ್ನ್‌ಸ್ಟೈನ್ ಎಂಬ ಕವಿಯೊಬ್ಬ ಬರೀ ಕವಿತೆ ಓದಿದ್ದಾನೆ. ನಿರ್ವಾಣ ಗೆದ್ದ 1991ರಲ್ಲೇ ಅವನು ತೀರಿಕೊಂಡ.