ಇಂದಿನ ಧಮ್ಮ ಚಿಂತನೆ: ದಾರಿಯಲ್ಲಿ ಹುಟ್ಟಿದವನು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಧಮ್ಮಬಂಧುಗಳೇ, ನಮ್ಮಲ್ಲಿ ಶಿಕ್ಷಕರು ಬಹಳ. ಈ ಮಾತು ಮೊದಲು ನನಗೆ, ಆಮೇಲೆ ನಿಮಗೆ.

ರಾಜಗೃಹದ ಸಿರಿವಂತ ಸೆಟ್ಟಿಯ ಮಗಳು ಮನೆಯಾಳಿನೊಡನೆ ಊರು ಬಿಟ್ಟು ಹೋಗಿದ್ದಳು. ಹೆರಿಗೆಗೆಂದು ತವರಿಗೆ ಹೊರಟಾಗ ದಾರಿಯಲ್ಲೇ ಮಗು ಹುಟ್ಟಿತು. ಎರಡನೆಯದೂ ಹಾಗೆಯೇ. ಪಂಥ ಎಂದರೆ ದಾರಿ. ಅದಕ್ಕೇ ಮಕ್ಕಳಿಗೆ ಮಹಾಪಂಥಕ, ಚೂಳಪಂಥಕ ಎಂದು ಹೆಸರಾಯಿತು. ಮುಂದೆ ಇಬ್ಬರೂ ಭಿಕ್ಷುಗಳಾದರು. ಚೂಳಪಂಥಕನಿಗೆ ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಪಾಠವಾಗಲಿಲ್ಲ. ಕಲಿಸುತ್ತಿದ್ದ ಅಣ್ಣನೇ "ನಿನ್ನಿಂದಾಗದು, ಮನೆಗೆ ಹೋಗು" ಎಂದ. ವೈದ್ಯ ಜೀವಕನ ಮನೆಯ ಊಟಕ್ಕೆ ಭಿಕ್ಷುಗಳನ್ನು ಎಣಿಸುವಾಗಲೂ ತಮ್ಮನನ್ನು ಬಿಟ್ಟ.

ನಸುಕಿನಲ್ಲಿ ಹೊರಟುನಿಂತವನನ್ನು ಬುದ್ಧರು ಬಾಗಿಲಲ್ಲಿ ತಡೆದು ತಲೆ ಸವರಿದರು. ಗಾಥೆ ಒಪ್ಪಿಸೆನ್ನಲಿಲ್ಲ. ಬಿಳಿ ಬಟ್ಟೆ ಕೊಟ್ಟು, ಕೊಳೆ ಹೋಗಲಿ ಎನ್ನುತ್ತ ಉಜ್ಜು ಎಂದರು. ಉಜ್ಜಿದಷ್ಟೂ ಬಟ್ಟೆ ಮಾಸಿತು. ಅದನ್ನು ನೋಡುತ್ತಲೇ ಅವನಿಗೆ ಅನಿತ್ಯ ತಿಳಿಯಿತು. ಅರಹಂತನಾದ.

ಅತ್ತ ಜೀವಕ ದಾನದ ನೀರು ತಂದಾಗ ಬುದ್ಧರು ಭಿಕ್ಷಾಪಾತ್ರೆಗೆ ಕೈ ಅಡ್ಡ ಹಿಡಿದರು. "ವಿಹಾರದಲ್ಲಿ ಇನ್ನೂ ಯಾರೋ ಇದ್ದಾರಲ್ಲವೇ?" ಅಣ್ಣ ಹೇಳಿದ, "ಯಾರೂ ಇಲ್ಲ ಭಂತೆ." ಬುದ್ಧರು ಆಳು ಕಳಿಸಿ ಆ ಒಬ್ಬನನ್ನು ಕರೆಸಿದರು.

ನಮ್ಮ ತಾಂಡಾ, ಕೇರಿಗಳಿಂದ ಕುಟುಂಬಗಳು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಜೊತೆಗೆ ಮಕ್ಕಳೂ. ಒಂದು ವರ್ಷ ಸಂಕ್ರಾಂತಿ ಮುಗಿದ ಮೇಲೆ ನಾಲ್ಕನೇ ತರಗತಿಯ ಹುಡುಗನೊಬ್ಬ ಗೋವಾದಿಂದ ಮರಳಿದ. ಹಾಜರಿ ಕೂಗುವಾಗ ರೂಢಿಯಂತೆ ಅವನ ಹೆಸರು ಬಿಟ್ಟು ಮುಂದೆ ಹೋದೆ. ಎದ್ದು ನಿಂತು, "ಸರ, ನಾ ಬಂದೀನ್ರಿ" ಅಂದ. "ಬಂದೀಯಪ್ಪಾ, ಮತ್ತ ಹೋಗಾಂವನ ಹೌದಿಲ್ಲೋ" ಅಂದೆ. ಹುಡುಗರು ನಕ್ಕರು. ಮರುದಿನದಿಂದ ಅವನು ಬರಲಿಲ್ಲ. ಗುಳೆ ಹೋಗಿರಲಿಲ್ಲ, ಊರಲ್ಲೇ ಕುರಿ ಕಾಯುತ್ತಿದ್ದ.

ನನಗೆ ಅವನ ಮೇಲೆ ದ್ವೇಷವಿರಲಿಲ್ಲ. ಇದ್ದದ್ದು ಪ್ರಮಾದ, ಎಚ್ಚರಗೇಡಿತನ. ಚೂಳಪಂಥಕನ ಕಥೆ ಬರುವುದೂ ಧಮ್ಮಪದದ ಅಪ್ಪಮಾದ ವಗ್ಗದ 25ನೇ ಗಾಥೆಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಟಿ.ಸಿ. ತಡವಾಯಿತೆಂದು ಮಗುವನ್ನು ಹೊರಗಿಡುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ತಪ್ಪಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಆದರೆ ಶಾಲೆಯೊಳಗೆ ಬಂದ ಮಗುವೂ ಹೊರಗೇ ಉಳಿಯಬಹುದು. ಸಾತಾರದ ಶಾಲೆಯಲ್ಲಿ ಬಾಬಾಸಾಹೇಬರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತದ್ದನ್ನು ನಾವು ಮರೆಯಬಾರದು.

ಇಂದಿನ ಅಭ್ಯಾಸ: ಬಹಳ ದಿನ ಗೈರಾದ ಹೆಸರನ್ನೇ ಮೊದಲು ಕೂಗೋಣ. ಮರಳಿ ಬಂದ ಮಗುವಿಗೆ "ಎಷ್ಟ್ ದಿನಾ ತಪ್ಪಿಸಿದಿ" ಎನ್ನುವ ಬದಲು "ಬಾರಪ್ಪಾ, ಉಂಡಿಯೇನು?" ಎನ್ನೋಣ. ಅದಕ್ಕೆ ಬರುವ ಅಕ್ಷರದಿಂದಲೇ ಪಾಠ ಶುರುವಾಗಲಿ. ಒಬ್ಬರು ಹೊರಗಿದ್ದಾರೆಂದರೆ ನಮ್ಮ ಎಣಿಕೆ ಇನ್ನೂ ಮುಗಿದಿಲ್ಲ.

ಸಾಧು, ಸಾಧು, ಸಾಧು.