ಹೆಣ ಸುಟ್ಟಿದ್ದು ಊರಿಗೆ ಗೊತ್ತಿಲ್ಲ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತರಗತಿಗಳಲ್ಲಿ ನವ್ಯದ ಮೈಲಿಗಲ್ಲಾಗಿ ಪಾಠವಾಗುತ್ತದೆ. ಅದು ಎದೆ ನಡುಗಿಸುವ ಕಾದಂಬರಿಯೂ ಹೌದು ಎಂಬುದು ಪಾಠದ ನಡುವೆ ಕಳೆದುಹೋಗಿದೆ. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು ಸಾಯುತ್ತಾನೆ. ದುರ್ವಾಸಪುರದ ಅಗ್ರಹಾರದಲ್ಲಿ ಅವನ ಹೆಣ ಎತ್ತುವವರಿಲ್ಲ. ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಇಲಿಗಳು ನಡುಮನೆಗೆ ಬಂದು ಸಾಯುತ್ತವೆ. ಮಾಡಿನ ಮೇಲೆ ಬಂದು ಕೂತ ರಣಹದ್ದುಗಳನ್ನು ಓಡಿಸಲು ಬ್ರಾಹ್ಮಣರು ಜಾಗಟೆ ಬಾರಿಸಿ ಶಂಖ ಊದುತ್ತಾರೆ.

ಇಲ್ಲಿ ದೆವ್ವವಿಲ್ಲ. ಹೆದರಿಸುವುದು ಶಾಸ್ತ್ರದ ಮೌನ.

ನಾರಣಪ್ಪ ಸಾಲಿಗ್ರಾಮವನ್ನು ಹೊಳೆಗೆಸೆದವನು, ಮಾಂಸ ತಿಂದವನು, ಚಂದ್ರಿಯನ್ನು ಇಟ್ಟುಕೊಂಡವನು. ಆದರೂ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ, ಹಾಗಾಗಿ ಸತ್ತಾಗಲೂ ಅವನು ಬ್ರಾಹ್ಮಣನೇ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ತಾಳೆಗರಿಗಳನ್ನೆಲ್ಲ ತಿರುವಿಹಾಕುತ್ತಾರೆ, ಉತ್ತರವಿಲ್ಲ. ಮಾರುತಿಯ ಮುಂದೆ ಪ್ರಸಾದಕ್ಕೆ ಕಾಯುತ್ತಾರೆ, ಹೂ ಬೀಳುವುದಿಲ್ಲ. ಇತ್ತ ಸಂಸ್ಕಾರದ ಖರ್ಚಿಗೆಂದು ಚಂದ್ರಿ ಬಿಚ್ಚಿಟ್ಟ ಒಡವೆಗಳ ಮೇಲೆ ಅಗ್ರಹಾರದ ಕಣ್ಣು ಬಿದ್ದಿರುತ್ತದೆ. ಊರಿನ ನಿಜವಾದ ಕೊಳೆ ಇದೇ ಎಂದು ಬೇರೆ ಹೇಳಬೇಕಿಲ್ಲ.

ಆ ರಾತ್ರಿ ಕಾಡಿನಲ್ಲಿ ಆಚಾರ್ಯರು ಚಂದ್ರಿಯನ್ನು ಕೂಡುತ್ತಾರೆ. ಅಲ್ಲಿಂದ ಮರಳಿದ ಚಂದ್ರಿ, ಮೀನಿನ ವ್ಯಾಪಾರಿ ಅಹ್ಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಗುಟ್ಟಾಗಿ ಸುಟ್ಟು, ಕುಂದಾಪುರದ ದಾರಿ ಹಿಡಿಯುತ್ತಾಳೆ. ಕಾದಂಬರಿಯ ಬಿಗಿಯೆಲ್ಲ ಇಲ್ಲಿಂದಲೇ ಶುರು. ಹೆಣ ಬೂದಿಯಾದದ್ದು ಓದುಗನಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಇಲ್ಲದ ಹೆಣಕ್ಕೆ ಅಪ್ಪಣೆ ಬೇಡಿ ಬ್ರಾಹ್ಮಣರು ಹಸಿದ ಹೊಟ್ಟೆಯಲ್ಲೇ ಮಠದತ್ತ ನಡೆಯುತ್ತಾರೆ.

ನಾರಣಪ್ಪನನ್ನೂ ಇಲಿಗಳನ್ನೂ ಕೊಂದ ಪ್ಲೇಗು ಕಲ್ಪನೆಯ ಕಾಯಿಲೆಯಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದು ಮೈಸೂರನ್ನೂ ಹೊಕ್ಕಿತು. ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಊರನ್ನು ಹರವಾಗಿ ಕಟ್ಟಲು 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಹುಟ್ಟಿತು. ಅದೇ ಊರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಅನಂತಮೂರ್ತಿ ಮುಂದೆ ಇಂಗ್ಲಿಷ್ ಕಲಿಸಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲೇ. ‘ಸಂಸ್ಕಾರ’ವನ್ನು ಬರೆದದ್ದು ಮಾತ್ರ ದೂರದ ಬರ್ಮಿಂಗ್‌ಹ್ಯಾಮ್‌ನಲ್ಲಿ, ಪ್ಲೇಗಿನ ಕಾಲದ ಕಥೆ ಹೇಳುವ ಬರ್ಗ್‌ಮನ್‌ನ ಚಿತ್ರವೊಂದನ್ನು ನೋಡಿದ ಮೇಲೆ.

ಬೀದಿ ಅಗಲವಾದರೂ ಹೆಣದ ಪ್ರಶ್ನೆ ಹಾಗೇ ಉಳಿಯಿತು. ಕೋವಿಡ್ ಬಂದ 2020 ಮತ್ತು 2021ರಲ್ಲಿ ಬಂಧುಗಳು ಬರಲಾಗದ, ಕೆಲವೆಡೆ ಬರಲೊಲ್ಲದ ಚಿತೆಗಳಿಗೆ ಕರ್ನಾಟಕದಲ್ಲಿ ಅಪರಿಚಿತ ಸ್ವಯಂಸೇವಕರು ಹೆಗಲು ಕೊಟ್ಟರು. ಅವರಲ್ಲಿ ಮುಸ್ಲಿಂ ಯುವಕರೂ ಇದ್ದರು. ಈ ಶವಕ್ಕೆ ಯಾರ ಅಧಿಕಾರ ಎಂದು ಅವರು ಗ್ರಂಥ ತೆರೆದು ನೋಡಲಿಲ್ಲ. ಅಹ್ಮದ್ ಬ್ಯಾರಿಯೂ ನೋಡಿರಲಿಲ್ಲ. ಶಾಸ್ತ್ರ ಬಾಯಿ ಬಿಡದಿದ್ದಾಗ ಕೈ ಚಾಚಿದವನೇ ಅಧಿಕಾರಿಯಲ್ಲವೇ?

ಆಚಾರ್ಯರ ಕಷ್ಟ ಬೇರೆ. ಅಷ್ಟರಲ್ಲಿ ತೀರಿಕೊಂಡ ಹೆಂಡತಿಯ ಶವ ಸುಟ್ಟು, ಸೂತಕದಲ್ಲೇ ಮೇಳಿಗೆಯ ತೇರಿಗೆ ಹೋಗಿ, ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಯಾರಾದರೂ ಗುರುತು ಹಿಡಿದರೆ? ಕಾಡಿನ ರಾತ್ರಿಯಲ್ಲಿ ಇಲ್ಲದ ನಡುಕ ಈ ಎಲೆಯ ಮುಂದೆ ಹುಟ್ಟುತ್ತದೆ. ಪಾಪ ಇರುವುದು ಮಾಡಿದ್ದರಲ್ಲೋ, ಮುಚ್ಚಿಟ್ಟಿದ್ದರಲ್ಲೋ? ಎಲ್ಲವನ್ನೂ ಹೇಳಿಬಿಡಬೇಕೆಂದು ಗಾಡಿ ಹತ್ತುತ್ತಾರೆ. ಹೇಳಿದರೇ ಇಲ್ಲವೇ ಎಂದು ತಿಳಿಸದೆ ಕಾದಂಬರಿ ನಿಲ್ಲುತ್ತದೆ. ಅಲ್ಲಿ ನಿಲ್ಲಿಸಿದ್ದೇ ಪ್ರಾಮಾಣಿಕತೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ಇದನ್ನು ಚಿತ್ರವಾಗಿಸಿ, ಗಿರೀಶ ಕಾರ್ನಾಡರು ಆಚಾರ್ಯರಾದಾಗ, ಸೆನ್ಸಾರ್ ಮೊದಲು ತಡೆದಿತ್ತು. ಆಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಚರ್ಚೆಗಳೆಲ್ಲ ಆಚಾರ್ಯರ ದ್ವಂದ್ವದ ಸುತ್ತಲೇ ನಡೆದವು. ಆ ಊರಿನಲ್ಲಿ ಮಾಡಬೇಕಾದ್ದನ್ನು ಹೊತ್ತಿಗೆ ಸರಿಯಾಗಿ ಮಾಡಿದ ಚಂದ್ರಿಗೆ ಅವುಗಳಲ್ಲಿ ಸಿಕ್ಕ ಜಾಗ ತೀರ ಸಣ್ಣದು.