ಮೊದಲ ಅಂಕಿ

ಕಾರವಾರದ ಬಳಿಯ ಕೈಗಾ ಅಣು ವಿದ್ಯುತ್ ಸ್ಥಾವರದ ಹೆಸರನ್ನು ಕೇಳದವರು ನಮ್ಮಲ್ಲಿ ಕಡಿಮೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಅಲ್ಲಿವೆ. ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಮಾಡಿದಾಗ ಪತ್ರಿಕೆಗಳು ಕೊಂಡಾಡಿದವು. ಆ ದಿನಗಳಲ್ಲೆಲ್ಲ ಪಾಳಿಯ ಮೇಲೆ ಬಂದು, ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷಿಸಿದ ರಸಾಯನ ವಿಭಾಗದ ತಂತ್ರಜ್ಞರನ್ನು ಯಾರು ನೆನೆದರು? ಅವರೂ ಅದನ್ನು ನಿರೀಕ್ಷಿಸಿರಲಾರರು.

ಬಿ.ಎಸ್ಸಿ. ಮುಗಿಸಿ, ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದವನ ಬಾಳೆಲ್ಲ ನೀರಿನೊಡನೆಯೇ ಕಳೆಯುತ್ತದೆ. ನೀರಿನ ಕ್ಷಾರತೆ ಎಷ್ಟು, ಕರಗಿದ ಆಮ್ಲಜನಕ ಎಷ್ಟು, ಕ್ಲೋರೈಡ್ ಎಷ್ಟು ಎಂದು ಅವನು ನೋಡಬೇಕು. ಕೆಲವನ್ನು ನೂರು ಕೋಟಿ ಭಾಗಕ್ಕೆ ಇಷ್ಟು ಎಂದು ಅಳೆಯುತ್ತಾರೆ. ಅಷ್ಟು ಅಲ್ಪವಾದ ಕ್ಲೋರೈಡ್ ಕೂಡ ಸಂದಿಗೊಂದಿಗಳಲ್ಲಿ ಸೇರಿಕೊಂಡು, ವರ್ಷಗಳು ಕಳೆದಂತೆ ಉಗಿ ಉತ್ಪಾದಿಸುವ ತೆಳು ಕೊಳವೆಗಳನ್ನು ತಿನ್ನಬಲ್ಲದು.

ಒಂದು ರಾತ್ರಿ ಪಾಳಿಯಲ್ಲಿ ಅಂಕಿ ಮಿತಿ ಮೀರಿತೆನ್ನಿ. ಅವನು ಇನ್ನೊಮ್ಮೆ ನೀರು ಹಿಡಿಯುತ್ತಾನೆ. ಅದು ತಪ್ಪಲ್ಲ. ಬೆರಳಿನ ಬೆವರು ತಾಗಿದರೂ ಮಾದರಿ ಕೆಡುತ್ತದೆ. ಎರಡನೆಯದೂ ಹೆಚ್ಚು ಬಂದರೆ? ಮೂರನೆಯದು ಸರಿಯಾಗಿ ಬಂದು, ಅದನ್ನೊಂದನ್ನೇ ಪುಸ್ತಕದಲ್ಲಿ ಬರೆದರೆ? ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಯಂತ್ರ ತೋರಿಸಿದ ಅಂಕಿಯೇ ಅದು. ಆದರೂ ಅದು ಸುಳ್ಳಲ್ಲವೇ?

2009ರ ನವೆಂಬರ್‌ನಲ್ಲಿ ಇದೇ ಕೈಗಾದಲ್ಲಿ ಕುಡಿಯುವ ನೀರಿನ ತಂಪುಯಂತ್ರಕ್ಕೆ ಟ್ರಿಟಿಯಮ್ ಇರುವ ಭಾರಜಲ ಸೇರಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿದವರಿಗೆ ಏನೂ ತಿಳಿಯಲಿಲ್ಲ. ವಾಡಿಕೆಯಂತೆ ಮಾಡುವ ಮೂತ್ರ ಪರೀಕ್ಷೆಯಲ್ಲಿ ಅಂಕಿ ಏರಿದ್ದರಿಂದ ಸಂಗತಿ ಹೊರಬಿತ್ತು. ಪರೀಕ್ಷಿಸಿದವರು ‘ಯಂತ್ರ ಕೆಟ್ಟಿರಬೇಕು’ ಎಂದು ಸುಮ್ಮನಾಗಿದ್ದರೆ ಇನ್ನೆಷ್ಟು ಜನ ಆ ನೀರು ಕುಡಿಯುತ್ತಿದ್ದರೋ.

ಎಲ್ಲ ಸಲವೂ ಅನಾಹುತವಾಗುವುದಿಲ್ಲ, ನಿಜ. ಮುಚ್ಚಿಟ್ಟ ಅಂಕಿಯಿಂದ ಕೊಳವೆಗೆ ಏನೂ ಆಗದೆ ಹೋಗಬಹುದು. ಆದರೆ ಬರೆದವನಿಗೆ? ವಿಶ್ವಗುರು ಎರಡನೇ ಜಾನ್ ಪೌಲರು 1981ರಲ್ಲಿ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಕೆಲಸದ ಬೆಲೆ ಇರುವುದು ಅದನ್ನು ಮಾಡುವ ಮನುಷ್ಯನಲ್ಲಿ ಎಂದು ಬೋಧಿಸಿದ್ದಾರೆ. ಹಾಗಾದರೆ ಮೊದಲು ತುಕ್ಕು ಹಿಡಿಯುವುದು ಕೊಳವೆಗಲ್ಲ.

ಒಳ್ಳೆಯ ಪ್ರಯೋಗಾಲಯಗಳಲ್ಲಿ ತಪ್ಪಿದ ಅಂಕಿಯನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಬೇಕು. ಪಾಪನಿವೇದನೆಗೆ ಮುಂಚಿನ ನನ್ನ ಆತ್ಮಶೋಧನೆಯಲ್ಲಿ ಈ ಕಟ್ಟಳೆ ಇಲ್ಲವಲ್ಲ ಎಂದು ನಾಚಿಕೆಯಾಗುತ್ತದೆ. ಮಡದಿಗೆ ಆಡಿದ ಬಿರುಸು ಮಾತು ಶನಿವಾರ ಬೆಳಿಗ್ಗೆ ನನ್ನ ತಪ್ಪೆನಿಸಿತ್ತು. ಮಧ್ಯಾಹ್ನಕ್ಕೆ ಅದು ಬರೀ ಆಯಾಸವಾಯಿತು. ಸಂಜೆ ಗುರುಗಳ ಮುಂದೆ ಮೊಣಕಾಲೂರುವ ಹೊತ್ತಿಗೆ ತಪ್ಪು ಅವಳದೇ ಆಗಿತ್ತು.